ಸೊಟ್ಟ ಗೆರೆಯ ಮದ್ದು

ಜೂನ್ ೪, ಮಂಗಳವಾರ

ಆಸ್ಪತ್ರೆಯ ಮಾತಿನ ಮೇಡಂ ಹೊಸ ಪುಸ್ತಕವೊಂದನ್ನು ಕೊಟ್ಟಿದ್ದಾರೆ. ನಮ್ಮ ಮನೆಯವರು ದಿನಕ್ಕೆ ಎಷ್ಟು ಮಾತಾಡಿದರು, ಯಾವ ಮಾತು, ತಾವಾಗಿ ಆಡಿದ್ದೋ ನಾನು ಆಡಿಸಿದ್ದೋ ಎಂದು ಅದರಲ್ಲಿ ಬರೆಯಬೇಕಂತೆ. ಸೊನ್ನೆ ಬರೆದು ಬರೆದು ಸಾಕಾಗಿ ಇವತ್ತು ನನ್ನ ಹಳೆಯ ಅಳತೆ ಪುಸ್ತಕ ಹೊರಗೆ ತೆಗೆದೆ. ಮುಂದಿನ ಹಾಳೆಗಳ ತುಂಬ ನಾನು ಮೂವತ್ತು ವರ್ಷ ಹೊಲಿದ ಗಂಡಸರ ಅಂಗಿಗಳ ಎದೆ, ತೋಳು, ಕಾಲರು. ಹಿಂದಿನ ಹಾಳೆಗಳು ಖಾಲಿ ಬಿದ್ದಿವೆ. ಮೇಡಂ ಪುಸ್ತಕ ಮೇಡಂಗೆ, ಇದು ನನ್ನ ಹೊಟ್ಟೆಯುರಿಗೆ.

ಇವರಿಗೆ ಲಕ್ವ ಹೊಡೆದು ಏಳು ವಾರವಾಯಿತು. ಕಾಲು ಪರವಾಗಿಲ್ಲ, ಗೋಡೆ ಹಿಡಿದು ನಡೆಯುತ್ತಾರೆ. ಬಲಗೈ ಮಡಿಚಿಟ್ಟ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿದ್ದಿರುತ್ತದೆ. ಮಾತು ಮಾತ್ರ ಇಲ್ಲವೇ ಇಲ್ಲ. ಮಾತು ಹೋಗಿಲ್ಲ, ಒಳಗೇ ಇದೆ, ಹೊರಗೆ ಬರುವ ದಾರಿ ಮುಚ್ಚಿದೆ ಎನ್ನುತ್ತಾರೆ ಮೇಡಂ. ಈ ಮೊದಲ ತಿಂಗಳುಗಳಲ್ಲಿ ಬಿಡದೆ ಆಡಿಸಿ, ತಡಮಾಡಿದಷ್ಟೂ ಕಷ್ಟ ಎಂದೂ ಎನ್ನುತ್ತಾರೆ.

ಆಡಿಸುವುದು ಹೇಗೆ? ಚಮಚ ತೋರಿಸಿ "ಇದೇನು ಹೇಳಿ" ಎಂದರೆ ಮುಖ ಗೋಡೆಯ ಕಡೆ ತಿರುಗುತ್ತದೆ. ನಕ್ಷೆ ಇಲಾಖೆಯಲ್ಲಿ ಕೂತು ಊರೂರುಗಳ ಗಡಿ ಎಳೆದ ಮನುಷ್ಯ. ಅವರನ್ನು ಚಮಚದ ಹೆಸರು ಕೇಳಿದರೆ ಅವಮಾನವಾಗುತ್ತದೆ, ಒಪ್ಪಿದೆ. ಹೆಸರು ಬಾಯಿಗೆ ಬಾರದಿದ್ದರೆ ಇನ್ನೂ ಅವಮಾನ, ಅದನ್ನೂ ಒಪ್ಪಿದೆ. ಆದರೆ ನನಗೆ ಹೆದರಿಕೆಯಾಗುತ್ತಿದೆ. ಇನ್ನುಮೇಲೆ ಈ ಮನೆಯಲ್ಲಿ ನಾನೊಬ್ಬಳೇ ಮಾತಾಡಿಕೊಂಡಿರಬೇಕೇನೋ ಎಂಬ ಹೆದರಿಕೆ. ಇಬ್ಬರಿಗಾಗುವಷ್ಟು ಮಾತು ನನ್ನ ಹತ್ತಿರ ಇದೆ ಎಂದು ಮಗಳು ಸಮಾಧಾನ ಹೇಳುತ್ತಾಳೆ. ಅದೇನು ಸಮಾಧಾನವೋ.

ಜೂನ್ ೯, ಭಾನುವಾರ

ಇವತ್ತು ಒಂದು ಮಾತು!

ಇವರ ಕೋಣೆ ಗುಡಿಸಲು ಹೋಗಿದ್ದೆ. ಕೋಣೆ ಎಂದರೆ ಆಟದ ಕಾರುಗಳ ಕೋಣೆ. ಹಾಗೆಂದರೆ ಇವರಿಗೆ ಮೈ ಉರಿಯುತ್ತಿತ್ತು. "ಆಟದ್ದಲ್ಲ, ಮಾದರಿ" ಎನ್ನುತ್ತಿದ್ದರು. ಗೇಣುದ್ದದ ಕಾರುಗಳು, ಕಪಾಟಿನ ತುಂಬ. ಆಫೀಸಿನಿಂದ ಬಂದವರು ಚಪ್ಪಲಿ ಬಿಟ್ಟು ನೆಟ್ಟಗೆ ಆ ಕೋಣೆಗೆ. ನನ್ನ ಸವತಿ ಅಲ್ಲಿದ್ದಾಳೆ ಎಂದು ನೆಂಟರ ಮುಂದೆ ಹೇಳಿ ನಗುತ್ತಿದ್ದೆ. ನಗು ಬರುತ್ತಿರಲಿಲ್ಲ, ಅದು ಬೇರೆ ವಿಷಯ.

ಮೇಜಿನ ಮೇಲೆ ಅರ್ಧಕ್ಕೆ ನಿಂತ ನೀಲಿ ಕಾರು. ಅದರ ಚಾವಣಿ ಹಿಡಿದು ಎತ್ತಿ ಕೆಳಗಿನ ದೂಳು ಒರೆಸುತ್ತಿದ್ದೆ.

"ಮುಟ್ಬೇಡ!"

ಬಾಗಿಲಲ್ಲಿ ಇವರು. ಅಷ್ಟು ಸ್ಪಷ್ಟ, ಅಷ್ಟು ಗಟ್ಟಿ. ಕಾರು ಕೈಜಾರುವುದರಲ್ಲಿತ್ತು. ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಕಣ್ಣಲ್ಲಿ ಇದ್ದಷ್ಟೂ ಅತ್ತೆ. ಆಮೇಲೆ ಮೇಡಂ ಪುಸ್ತಕದಲ್ಲಿ "ಒಂದು" ಎಂದು ಬರೆದೆ. ನಾಳೆ ಮತ್ತೆ ಮುಟ್ಟಬೇಕೆಂದು ತೀರ್ಮಾನಿಸಿದ್ದೇನೆ.

ಜೂನ್ ೧೧, ಮಂಗಳವಾರ

ಬರೀ ಮುಟ್ಟಿದರೆ ಸಾಲದು. ನಿನ್ನೆ ಮುಟ್ಟಿದಾಗ ಹುಬ್ಬು ಗಂಟಿಕ್ಕಿದರು, ಅಷ್ಟೇ. ಇನ್ನೂ ದೊಡ್ಡ ಪಾಪ ಬೇಕಿತ್ತು.

ಆ ಕಾರಿಗೆ ಮೈಬಣ್ಣವೆಲ್ಲ ಮುಗಿದಿದೆ. ಉಳಿದಿರುವುದು ಅಂಚಿನ ಕೆಲಸ. ನಿಜವಾದ ಕಾರಿನಲ್ಲಿ ಕಿಟಕಿ ಸುತ್ತ, ಬಾಗಿಲ ಉದ್ದಕ್ಕೆ ಫಳಫಳ ಹೊಳೆಯುವ ಲೋಹದ ಪಟ್ಟಿ ಇರುತ್ತದಲ್ಲ, ಅದನ್ನು ಇಲ್ಲಿ ಬೆಳ್ಳಿಬಣ್ಣದಲ್ಲಿ ಬರೆಯಬೇಕು. ದಾರದಷ್ಟೂ ದಪ್ಪ ಇರಬಾರದು. ಇವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. "ನೀವು ಮಾಡಲ್ಲ ಅಂದ್ರೆ ನಾನೇ ಹಚ್ತೀನಿ" ಎಂದು ಎಲ್ಲಕ್ಕಿಂತ ಸಣ್ಣ ಬ್ರಷ್ಷನ್ನು ಡಬ್ಬಿಯೊಳಗೆ ಕುತ್ತಿಗೆವರೆಗೂ ಅದ್ದಿದೆ. ಇವರು ಗಾಬರಿಯಿಂದ ಕಣ್ಣು ಅಗಲಿಸಿದರು. ಮುಂದಿನ ಕಿಟಕಿಗೆ ಎಳೆದೆ. ಮೊದಲ ಸಲ ಸೂಜಿ ಹಿಡಿದವಳ ಹೊಲಿಗೆಯ ಹಾಗೆ ಬಂತು.

"ಅಯ್ಯೋ," ಎಂದರು. "ಅಯ್ಯೋ. ಕೊಂದೆ."

ಮೂರು! ಎರಡು ಒಂದೇ ಮಾತಾದರೂ ನಾನು ಮೂರು ಎಂದೇ ಬರೆದುಕೊಂಡೆ. ಎಡಗೈಯಲ್ಲಿ ಥಿನ್ನರ್ ಬಾಟಲಿಯನ್ನೂ ಹಲ್ಲುಕಡ್ಡಿಯನ್ನೂ ನನ್ನ ಕಡೆ ತಳ್ಳಿ "ಒರೆಸು" ಎಂದರು. ನಾಲ್ಕು. ಒಂದು ಕಿಟಕಿಗೆ ನಾಲ್ಕು ಮಾತು. ಕಾರಿಗೆ ಆರು ಕಿಟಕಿ. ಆ ಕಾರನ್ನು ಇಷ್ಟು ವರ್ಷದಲ್ಲಿ ಮೊದಲ ಸಲ ಪ್ರೀತಿಯಿಂದ ನೋಡಿದೆ.

ಜೂನ್ ೧೩, ಗುರುವಾರ

ಮೇಡಂ ಹತ್ತಿರ ಎಲ್ಲ ಹೇಳಿದೆ. ಬೈಯುತ್ತಾರೆಂದು ಅಂದುಕೊಂಡಿದ್ದೆ, ಅವರು ಬಿದ್ದೂ ಬಿದ್ದೂ ನಕ್ಕರು. ನನ್ನ ಮಗಳಿಗಿಂತ ಚಿಕ್ಕವರು.

"ಬೈಗುಳ ಮೊದ್ಲು ಬರೋದುಂಟು ಅಮ್ಮ, ಅದು ತಾನಾಗೇ ಉಕ್ಕುತ್ತೆ. ಆದ್ರೆ ಅವರೇ ಕಟ್ಟಿ ಹೇಳೋ ವಾಕ್ಯ ಬರ್ಬೇಕು. ಮೂರು ಮಾತಿಂದಾದ್ರೂ ಸರಿ."

"ಬೈಯೋದ್ರಲ್ಲೇ ವಾಕ್ಯ ಕಟ್ಟೋ ಹಾಗೆ ಮಾಡ್ತೀನಿ, ಬಿಡಿ."

"ಈ ಚಿಕಿತ್ಸೆಗೆ ಏನಂತ ಬರ್ಕೊಳ್ಳಲಿ?"

"ಸೊಟ್ಟ ಗೆರೆ ಅಂತ ಬರ್ಕೊಳ್ಳಿ."

ಇವರು ಗೋಡೆಯ ಮೇಲಿನ ಚಾರ್ಟು ನೋಡುತ್ತ ಕೂತಿದ್ದರು. ತುಟಿಯ ಒಂದು ತುದಿ ಸ್ವಲ್ಪ ಮೇಲೆ ಹೋಯಿತು. ಇನ್ನೊಂದು ತುದಿ ಹೋಗುವುದಿಲ್ಲ, ಪಾಪ.

ಜೂನ್ ೧೮, ಮಂಗಳವಾರ

ಇವತ್ತು ಎಡವಟ್ಟಾಯಿತು. ಗೆರೆ ನೆಟ್ಟಗೆ ಬಂದುಬಿಟ್ಟಿತು.

ತಪ್ಪು ಇವರದೇ. ಬೈಯುವುದರ ಜತೆಗೆ ಕಲಿಸುತ್ತಿದ್ದಾರೆ. "ತೆಳು" ಎಂದರೆ ಬಣ್ಣ ತೆಳು ಮಾಡು. "ಉಗುರು" ಎಂದರೆ ಮೊದಲು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡು. "ಪಕ್ಕ, ಪಕ್ಕ" ಎಂದರೆ ಬ್ರಷ್ಷಿನ ತುದಿಯಲ್ಲಿ ಬರೆಯಬೇಡ, ಪಟ್ಟಿ ಕೊಂಚ ಉಬ್ಬಿರುತ್ತದೆ, ಅದರ ನೆತ್ತಿಯ ಮೇಲೆ ಬ್ರಷ್ಷಿನ ಪಕ್ಕೆಯನ್ನು ಸವರಿಕೊಂಡು ಹೋಗು. ಕಿರುಬೆರಳು ಮೇಜಿಗೆ ಊರಿ, ಉಸಿರು ಬಿಗಿಹಿಡಿದು ಹಾಗೇ ಮಾಡಿದೆ. ಹಿಂದಿನ ಕಿಟಕಿಯ ಕೆಳಗೆ ಕೂದಲಿನಂಥ ಗೆರೆ.

ಇವರು ಭೂತಕನ್ನಡಿ ಹಿಡಿದು ನೋಡಿದರು. ಏನೂ ಹೇಳದೆ ವಾಪಸ್ಸು ಕೊಟ್ಟರು. ಅರ್ಧ ಗಂಟೆಯ ಕೆಲಸಕ್ಕೆ ಒಂದು ಮಾತೂ ಇಲ್ಲ, ದಂಡ. ಎಲ್ಲಿ ತಪ್ಪಾಯಿತೆಂದು ತಿಳಿಯಲು ಆ ಗೆರೆಯನ್ನು ನಾನು ನಾಲ್ಕು ಸಲ ನೋಡಿದೆ. ಊಟವಾದ ಮೇಲೆ ಇನ್ನೊಂದು ಸಲ.

ಜೂನ್ ೨೦, ಗುರುವಾರ

"ಈ ವಾರ ಹೊಸ ಮಾತು ಕಮ್ಮಿ ಅಲ್ವಾ ಅಮ್ಮ?" ಎಂದರು ಮೇಡಂ.

"ಗೆರೆ ನೆಟ್ಟಗೆ ಬರ್ತಾ ಇದೆ ಮೇಡಂ" ಎಂದು ಕಳ್ಳಿಯ ಹಾಗೆ ತಲೆ ತಗ್ಗಿಸಿದೆ. ನಾಳೆಯಿಂದ ಚೆನ್ನಾಗಿ ಕೆಡಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.

ಜೂನ್ ೨೧, ಶುಕ್ರವಾರ

ಬೇಕೆಂದೇ ಸೊಟ್ಟ ಎಳೆದೆ. ಇವರು ಬಾಯಿ ತೆರೆಯುವ ಮುಂಚೆ ನಾನೇ ಒರೆಸಿಬಿಟ್ಟೆ. ತಡೆಯಲಾಗಲಿಲ್ಲ.

ಜೂನ್ ೨೩, ಭಾನುವಾರ

ಮಗಳು ಬಂದಿದ್ದಳು. ಊಟದ ಹೊತ್ತಿಗೆ ಬಾ ಎಂದು ನಾನೇ ಕರೆದಿದ್ದೆನಂತೆ. ಬಂದವಳು ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿ, ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ಒಲೆನೇ ಹಚ್ಚಿಲ್ವಲ್ಲ!"

"ಒಂದ್ನಿಮಿಷ ಇರೇ, ಬಾಗಿಲ ಹಿಡಿಕೆ ಮುಗಿಸಿ ಬಂದೆ."

"ಅಪ್ಪನ ಹುಚ್ಚು ನಿಂಗೂ ಹತ್ಕೊಳ್ತು."

"ಏನ್ ಮಾತೂಂತ ಆಡ್ತೀಯ? ಇದು ಚಿಕಿತ್ಸೆ. ನಿಮ್ಮಪ್ಪನಿಗೋಸ್ಕರ ಮಾಡ್ತಿರೋದು."

"ಅಪ್ಪ ಎಲ್ಲಿ ಮತ್ತೆ?"

ಇವರು ಹಜಾರದಲ್ಲಿ ಪೇಪರು ತಿರುವುತ್ತಿದ್ದರು. ಬ್ರೆಡ್ಡು ತಿಂದೆವು. ನನಗೆ ಹುಚ್ಚಂತೆ! ಕಾರುಗಳನ್ನು ಕಂಡರೆ ನನಗೆ ಈಗಲೂ ಅಷ್ಟಕ್ಕಷ್ಟೇ. ಇದೊಂದು ನೀಲಿಯದರ ಮಟ್ಟಿಗೆ ಹಿಡಿಕೆ ಸರಿಯಾಗಿ ಬರಲಿ ಎಂದೆ, ಅಷ್ಟೇ.

ಜೂನ್ ೨೫, ಮಂಗಳವಾರ

ಗಡಿಯಾರ ರಿಪೇರಿಯವರು ಬಂದಿದ್ದರು, ಇವರ ಕಾರು ಸಂಘದ ಗೆಳೆಯರು. ಆ ನೀಲಿ ಮಾದರಿಯ ಅಸಲಿ ಕಾರು ಅವರ ತಂದೆಯದು, ಬಾಡಿಗೆಗೆ ಓಡಿಸುತ್ತಿದ್ದರಂತೆ. ಕಾರೂ ಇಲ್ಲ, ತಂದೆಯೂ ಇಲ್ಲ. ಉಳಿದಿರುವುದು ಒಂದೇ ಒಂದು ಫೋಟೋ. ಅದನ್ನು ನೋಡಿಕೊಂಡೇ ಇವರು ಈ ಮಾದರಿ ಕಟ್ಟುತ್ತಿದ್ದದ್ದು.

"ಜುಲೈ ಹದಿನಾಲ್ಕಕ್ಕೆ ಪ್ರದರ್ಶನ, ಅತ್ತಿಗೆ. ಇವನ ಹೆಸ್ರು ಮೊದಲೇ ಬರ್ಸಿದ್ವಿ. ಈಗ... ತೆಗೆದುಬಿಡ್ಲಾ?"

"ಬೇಡ," ಎಂದರು ಇವರು. ನಾನೂ ಅದೇ ಉಸಿರಿನಲ್ಲಿ "ಬೇಡ" ಎಂದೆ. ಮೇಡಂ ಪುಸ್ತಕದಲ್ಲಿ ಇದನ್ನು ಬರೆಯಬೇಕು. ಪುಸ್ತಕ ಎಲ್ಲಿಟ್ಟೆನೋ.

ಗಡಿಯಾರದವರು ಕಾರಿನ ಪೆಟ್ರೋಲ್ ಮುಚ್ಚಳ ನೋಡಿ ಹಾಡಿ ಹೊಗಳಿದರು. ಅಂಗಡಿಯಲ್ಲಿ ಸಿಗುವ ಮಾದರಿ ಡಬ್ಬಿಯಲ್ಲಿ ಬರುವ ಕಾರಿನ ಮೈಗೆ ಮುಚ್ಚಳ ಬಲಗಡೆ ಇರುತ್ತದಂತೆ. ಫೋಟೋದಲ್ಲಿ ಎಡಗಡೆ ಇದೆ. ಬಾಡಿಗೆ ಕಾರುಗಳಿಗೆ ಬೇರೆ ಥರ ಮಾಡುತ್ತಿದ್ದರು ಎಂದು ಇವರು ಪತ್ತೆ ಹಚ್ಚಿ, ಬಲಗಡೆಯದನ್ನು ಮುಚ್ಚಿ, ಎಡಗಡೆ ಹೊಸದಾಗಿ ಕೊರೆದಿದ್ದಾರೆ. ಎಡಗಡೆ ಹಿಂಬಾಗಿಲಿನ ಹೊಳೆಯುವ ಪಟ್ಟಿ ಅರ್ಧ ಕಿತ್ತುಹೋಗಿರುವುದನ್ನೂ ಫೋಟೋದಲ್ಲಿದ್ದ ಹಾಗೇ ಕೆತ್ತಿ ತೋರಿಸಿದ್ದಾರೆ. ಇಡೀ ಸಂಘವೇ ಇದನ್ನು ಕೇಳಿ ಬೆರಗಾಗಿತ್ತಂತೆ. ಇವರ ಮುಖ ಇಷ್ಟು ದಿನಗಳಲ್ಲಿ ಮೊದಲ ಸಲ ಅರಳಿತು.

ಜುಲೈ ೨, ಮಂಗಳವಾರ

ಬರೆಯಲೋ ಬೇಡವೋ. ಇದರಲ್ಲಾದರೂ ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ.

ಇವರು ಮಲಗಿದ್ದಾಗ, ಕಿತ್ತುಹೋದ ಪಟ್ಟಿ ನಿಖರವಾಗಿ ಎಲ್ಲಿಗೆ ನಿಲ್ಲುತ್ತದೆಂದು ನೋಡಲು ಫೋಟೋ ಮೇಲೆ ಭೂತಕನ್ನಡಿ ಹಿಡಿದೆ. ಕಾರಿಗೆ ಒರಗಿ ನಿಂತಿರುವ ಗಡಿಯಾರದವರ ತಂದೆ, ಬಿಳಿ ಅಂಗಿ. ಒಳ್ಳೆಯ ಹೊಲಿಗೆ, ಕಾಲರು ಚೆನ್ನಾಗಿ ಕೂತಿದೆ. ಕಣ್ಣು ಹಾಗೇ ಕೆಳಗೆ ಇಳಿಯಿತು. ಜೇಬು ಬಲಗಡೆ ಇದೆ.

ಗಂಡಸರ ಅಂಗಿಗೆ ಜೇಬು ಎಡಗಡೆ. ಗುಂಡಿಪಟ್ಟಿ ನೋಡಿದೆ. ಅದೂ ತಿರುಗುಮುರುಗು. ಮೂವತ್ತು ವರ್ಷದಲ್ಲಿ ಹಾಗೆ ಹೊಲಿದವಳಲ್ಲ ನಾನು, ಹೊಲಿದದ್ದನ್ನು ಕಂಡವಳೂ ಅಲ್ಲ. ಯಾವನೋ ಸ್ಟುಡಿಯೋದವನು ನೆಗೆಟಿವ್ ತಿರುವಿಹಾಕಿ ಪ್ರಿಂಟ್ ತೆಗೆದಿದ್ದಾನೆ, ಎಡವೆಲ್ಲ ಬಲ, ಬಲವೆಲ್ಲ ಎಡ. ಕಾರಿನ ನಂಬರು ಕಾಣುವುದಿಲ್ಲ, ಗಾಜಿಗೆ ಬಿಸಿಲು ಹೊಡೆದು ಸ್ಟೇರಿಂಗೂ ಕಾಣುವುದಿಲ್ಲ. ಗೊತ್ತಾಗುವುದಾದರೂ ಹೇಗೆ? ಡಬ್ಬಿಯವರು ಮಾಡಿದ್ದೇ ಸರಿ ಇತ್ತು. ಇವರು ಸರಿಯಿದ್ದದ್ದನ್ನು ಕಷ್ಟಪಟ್ಟು ತಪ್ಪು ಮಾಡಿಟ್ಟಿದ್ದಾರೆ.

ಹೇಳಿದರೆ ಮತ್ತೆ ಗೋಡೆಯ ಕಡೆ ತಿರುಗಿಬಿಟ್ಟರೆ? ನಾನು ಹೇಳುವುದಿಲ್ಲ. ಹನ್ನೆರಡು ದಿನ ಬಾಯಿಗೆ ಬೀಗ.

ಜುಲೈ ೪, ಗುರುವಾರ

ಮೇಡಂ ಮುಂದೆ ಇವರು ತಾವಾಗಿಯೇ "ಕಿಟಕಿ ಅಂಚು... ಬಾಕಿ ಇದೆ" ಎಂದರು. ಮೇಡಂ ಚಪ್ಪಾಳೆ ತಟ್ಟಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಜೇಬಿನ ವಿಷಯ ಇನ್ನೂ ಭಾರವಾಯಿತು.

ಜುಲೈ ೫, ಶುಕ್ರವಾರ

ಮೂರೇ ದಿನಕ್ಕೆ ಬೀಗ ಒಡೆಯಿತು.

ಮುಂಗಾಜಿನ ಅಂಚು ಬಳಿಯುತ್ತಿದ್ದೆ. ಒಂದು ಕಡೆ ಒಂದೆಳೆ ಆಚೆ ಹೋಯಿತು. ಇವರು "ಥೂ! ಕಣ್ಣು... ಕಣ್ಣಿಲ್ವಾ?" ಎಂದರು. ಬೆಳಗ್ಗೆಯಿಂದ ಬೆನ್ನು ಬಗ್ಗಿಸಿ ಕೂತವಳಿಗೆ ಪಿತ್ತ ನೆತ್ತಿಗೇರಿತು.

"ನಂದು ಒಂದೆಳೆ ಆಚೆ ಹೋಗಿದೆ, ನಿಮ್ದು ಇಡೀ ಮಗ್ಗುಲೇ ಆಚೆ ಹೋಗಿದೆ!" ಎಂದು ಫೋಟೋ ತಂದು ಮುಂದೆ ಹಾಕಿದೆ. "ಜೇಬು ನೋಡಿ! ಗುಂಡಿ ನೋಡಿ!"

ನೋಡಿದರು. ಮುಖ ಕೆಂಪಗಾಯಿತು. "ಫೋಟೋ ಸುಳ್ಳು... ಹೇಳಲ್ಲ ಕಣೇ!"

"ಈ ಫೋಟೋ ಹೇಳಿದೆಯಲ್ಲ!"

"ಅಂಗಿ... ಹೊಲಿದವನು ತಪ್ಪು ಮಾಡಿರ್ಬಹುದು!"

ನನ್ನ ಕಸುಬಿಗೇ ಬಂದರಲ್ಲ! "ಯಾವ ದರ್ಜಿ ಮಾಡ್ತಾನ್ರೀ ಹಂಗೆ? ಕುಡ್ಕೊಂಡು ಕೂತ್ರೂ ಕೈ ತಾನಾಗೇ ಎಡಕ್ಕೆ ಹೋಗುತ್ತೆ!"

"ನಿಂಗೆ ಕಾರಿನ ವಿಷ್ಯ ಏನ್ ಗೊತ್ತು?"

"ಅಂಗಿ ವಿಷ್ಯ ಗೊತ್ತು!"

ಎದುರುಮನೆಯವರು ಕಿಟಕಿ ತೆಗೆದು ನೋಡಿದರು. ನಾವು ಇಬ್ಬರೂ ಕೂಗಾಡುತ್ತಿದ್ದೆವು. ಆಮೇಲೆ ಇವರು ಕಾರನ್ನು ಎಡಗೈಯಲ್ಲಿ ತಿರುಗಿಸಿ ನೋಡಿ, ಫೋಟೋ ನೋಡಿ, ಎದ್ದು ಹೋಗಿ ಮಲಗಿಬಿಟ್ಟರು.

ಜುಲೈ ೬, ಶನಿವಾರ

ಒಂದು ಮಾತೂ ಇಲ್ಲ. ನೀರು ಬೇಕಾ ಎಂದರೂ ಇಲ್ಲ. ಗೋಡೆ.

ನಾನೇ ಕೈಯಾರೆ ಆ ಬಾಯಿ ಮುಚ್ಚಿಸಿದೆ. ನನ್ನ ನಾಲಿಗೆಗೆ ಬೆಂಕಿ ಬೀಳ. ಒಂದು ಆಟದ ಕಾರಿನ ಯಾವುದೋ ಮಗ್ಗುಲಿನ ಮುಚ್ಚಳ, ಯಾರಿಗೆ ಬೇಕಿತ್ತು?

ಜುಲೈ ೭, ಭಾನುವಾರ

ಬೆಳಗ್ಗೆ ಎದ್ದರೆ ಹಾಸಿಗೆಯಲ್ಲಿ ಇವರಿಲ್ಲ. ಕೋಣೆಯಿಂದ ಕರಕರ ಸದ್ದು. ಎಡಗೈಯಲ್ಲಿ ಉಪ್ಪುಕಾಗದ ಹಿಡಿದು, ಕಾರನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಎಡಗಡೆಯ ಮುಚ್ಚಳ ಉಜ್ಜುತ್ತಿದ್ದಾರೆ. ಬಲಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು, ಬೆರಳು ಕಾರಿಗೆ ತಾಗುವ ಹಾಗೆ.

"ಜೇಬು... ಎಡಗಡೆನೇ," ಎಂದರು, ನನ್ನ ಮುಖ ನೋಡದೆ. "ಟೇಪ್ ಹಿಡ್ಕೋ ಬಾ."

ಎಡ ಹಿಂಬಾಗಿಲಿನಲ್ಲಿ ಇವರೇ ಕೆತ್ತಿ ತೆಗೆದ ಪಟ್ಟಿಯನ್ನು ಮತ್ತೆ ಎಬ್ಬಿಸಬೇಕು. ಏತರಿಂದ ಎಂದು ಇಬ್ಬರೂ ತಲೆ ಕೆರೆದುಕೊಂಡೆವು. ಹೊಲಿಗೆ ದಾರವನ್ನು ಅಂಟಿನಲ್ಲಿ ಅದ್ದಿ, ಬಿಗಿಯಾಗಿ ಎಳೆದು ಒಣಗಿಸಿದರೆ ಕಡ್ಡಿಯ ಹಾಗೆ ನಿಲ್ಲುತ್ತದೆ ಎಂದು ನಾನೇ ಹೇಳಿದೆ. ಹಾಗೇ ಆಯಿತು. ಇವರು ಬಾಯಿ ಬಿಟ್ಟು ಹೊಗಳಲಿಲ್ಲ. ಇನ್ನೊಂದಿಷ್ಟು ದಾರ ಬೇಕು ಎಂದರು.

ಜುಲೈ ೯, ಮಂಗಳವಾರ

ನೀಲಿ ಹೊಂದುತ್ತಿಲ್ಲ. ಮೂರು ಸಲ ಬೆರೆಸಿದೆವು. ಬಿಳಿ ಜಾಸ್ತಿ ಎಂದು ಇವರು, ಕಮ್ಮಿ ಎಂದು ನಾನು. ನಾನೇ ಸರಿ.

ಜುಲೈ ೧೧, ಗುರುವಾರ

ಬಲ ಹಿಂಬಾಗಿಲಿನ ಪಟ್ಟಿ ಇವತ್ತು. ಅರ್ಧಕ್ಕೆ ನಿಲ್ಲಿಸಬೇಕು, ಅದೂ ಕಿತ್ತುಹೋದ ಹಾಗೆ ಕಾಣಬೇಕು, ಕೈತಪ್ಪಿ ಬಿಟ್ಟ ಹಾಗಲ್ಲ. ಗೆರೆ ನಡುವಿನಲ್ಲಿದ್ದಾಗಲೇ ದರಿದ್ರದ ಫೋನು ಬಡಿದುಕೊಂಡಿತು. ಮೇಡಂ, ಯಾಕೆ ಬರಲಿಲ್ಲ ಎಂದು. ಪುಣ್ಯಕ್ಕೆ ಇವರೇ ಹೋಗಿ ತೆಗೆದು, "ಇವತ್ತು ಬರಕ್ಕಾಗಲ್ಲ ಮೇಡಂ, ಬಣ್ಣ ಒಣಗಿಲ್ಲ. ನೀವೇ ಭಾನುವಾರ... ಪ್ರದರ್ಶನಕ್ಕೆ ಬನ್ನಿ" ಎಂದು ಏನೋ ಹೇಳಿ ಇಟ್ಟರು. ಆ ಕಡೆ ಮೇಡಂ ಬಹಳ ಹೊತ್ತು ಸುಮ್ಮನಿದ್ದರಂತೆ, ಲೈನು ಸರಿಯಿಲ್ಲವೇನೋ. ನಾನು ಕೈ ಎತ್ತಬೇಕಾಗಿ ಬರಲಿಲ್ಲ, ಅದೇ ದೊಡ್ಡದು. ಗೆರೆ ತುಂಬ ಚೆನ್ನಾಗಿ ಬಂತು.

ಜುಲೈ ೧೪, ಭಾನುವಾರ

ಬಹುಮಾನ ಬರಲಿಲ್ಲ. ಮೂರನೆಯದು ಕೆಸರು ಮೆತ್ತಿದ ಒಂದು ಲಾರಿಗೆ ಹೋಯಿತು. ಕೆಸರು ಮೆತ್ತುವುದು ಯಾರಿಗೆ ಬರುವುದಿಲ್ಲ? ಒಂದು ಕಡೆಯಾದರೂ ನೆಟ್ಟಗಿನ ಗೆರೆ ಇತ್ತೇ ಅದರಲ್ಲಿ?

ಗಡಿಯಾರದವರಿಗೆ ಜೇಬಿನ ಕಥೆ ಮೊದಲೇ ಹೇಳಿದ್ದೆವು. ಅವರು ಮೇಜಿನ ಮುಂದೆ ಮಂಡಿಯೂರಿ, ಕಣ್ಣನ್ನು ಕಾರಿನ ಮಟ್ಟಕ್ಕೆ ತಂದು ಬಲಗಡೆಯಿಂದ ನೋಡಿದರು. "ಇದೇ ಕಡೆ. ಅಪ್ಪ ಬಾಗಿಲು ತೆಗೀತಿದ್ದದ್ದು ಇದೇ ಕಡೆ," ಎಂದರು. ಆಮೇಲೆ ಎದ್ದು ಹೊರಗೆ ಹೋದವರು ಸ್ವಲ್ಪ ಹೊತ್ತು ಬರಲಿಲ್ಲ.

ತೀರ್ಪುಗಾರರು ಬಂದರು. ಕೈಯಲ್ಲಿ ಹಲಗೆ, ಕಿವಿಯ ಹಿಂದೆ ಪೆನ್ಸಿಲ್. "ಇಲ್ಲಿ ಪಟ್ಟಿ ಅರ್ಧ ಬಿಟ್ಟೋಗಿದೆ" ಎಂದು ಬರೆದುಕೊಳ್ಳಲು ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಮೇಜು ಹಿಡಿದು ಎದ್ದು ನಿಂತರು.

"ಬಿಟ್ಟೋಗಿಲ್ಲ ಸ್ವಾಮಿ. ಆ ಕಾರಲ್ಲೇ... ಇರ್ಲಿಲ್ಲ. ನಾನು ಮೊದ್ಲು ಎಡಗಡೆ ಮಾಡಿದ್ದೆ, ತಪ್ಪು. ಫೋಟೋ ಉಲ್ಟಾ. ಊರೂರಿನ ನಕ್ಷೆ ಬರೆದೋನು ನಾನು, ನಂಗೇ ಗೊತ್ತಾಗ್ಲಿಲ್ಲ. ಇವಳು... ಅಂಗಿ ಜೇಬು ನೋಡಿ, ಒಂದೇ ಕ್ಷಣದಲ್ಲಿ ಕಂಡುಹಿಡಿದ್ಳು."

"ಒಂದೇ ಕ್ಷಣದಲ್ಲಲ್ಲ," ಎಂದೆ ನಾನು. "ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿದ್ದೆ."

"ಮಧ್ಯ ಬಾಯಿ ಹಾಕ್ಬೇಡ, ನಾನ್ ಹೇಳ್ತೀನಿ." ಸುತ್ತ ಜನ ಸೇರಿದರು. ಇವರು ದಾರದ ವಿಷಯ ಹೇಳಿದರು, ನೀಲಿಯ ವಿಷಯ ಹೇಳಿದರು. ಮಾತು ನಡುನಡುವೆ ಸಿಕ್ಕಿಕೊಳ್ಳುತ್ತಿತ್ತು, ನಿಂತು ಹುಡುಕಿ ಮುಂದೆ ಹೋಗುತ್ತಿದ್ದರು. ನೀಲಿಗೆ ಬಿಳಿ ಹಾಕಿದ್ದು ತಮ್ಮ ಸಲಹೆ ಎಂದುಬಿಟ್ಟರು, ಶುದ್ಧ ಸುಳ್ಳು. "ಅಂಚಿನ ಗೆರೆ ಒಂದೂ ನಂದಲ್ಲ. ಎಲ್ಲ ಇವಳದು. ನಾನು... ಬರೀ ಬೈದಿದ್ದು."

ಹಿಂದೆ ಮಾತಿನ ಮೇಡಂ ನಿಂತಿದ್ದರು. ನಿಜಕ್ಕೂ ಬಂದಿದ್ದಾರೆ. ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಯಾಕೆ ಮೇಡಂ, ಅಂಕ ಕಮ್ಮಿ ಹಾಕ್ತಾರೆ ಅಂತಾನಾ?"

"ಅಲ್ಲಮ್ಮ. ಅವರು ಮಾತಾಡ್ತಿದಾರೆ."

"ಹೂಂ, ಆಗಿನಿಂದ ಅದೇ ಆಯ್ತು. ಅದ್ರಲ್ಲಿ ಅರ್ಧ ಸುಳ್ಳು," ಎಂದೆ.

ಹಾಗೆ ಅಂದ ಮೇಲೆ ನನಗೇ ಕೇಳಿಸಿತು. ಆ ದನಿ, ಆ ಜಂಬ, ಪರಿಚಯವಿಲ್ಲದವರನ್ನು ನಿಲ್ಲಿಸಿಕೊಂಡು ಕೊರೆಯುವ ಆ ಹಳೆಯ ಚಾಳಿ. ಎಂದಿನಿಂದ ಹೀಗೆ ಮಾತಾಡುತ್ತಿದ್ದಾರೆ ಇವರು? ನಾನು ಎಲ್ಲಿ ನೋಡುತ್ತಿದ್ದೆ? ಮೇಡಂಗೆ ಏನೋ ಹೇಳಬೇಕೆಂದು ಬಾಯಿ ತೆರೆದೆ. ಇನ್ನೊಂದು ಸಲ ತೆರೆದೆ. ಒಂದು ಅಕ್ಷರವೂ ಹೊರಡಲಿಲ್ಲ.

ಇವರು ತೀರ್ಪುಗಾರರನ್ನು ಅಲ್ಲೇ ಬಿಟ್ಟು ನನ್ನ ಹತ್ತಿರ ಬಂದರು. "ಏನಾಯ್ತೇ? ಏನ್ ಹೇಳ್ಬೇಕು?"

ನಾನು ತಲೆ ಅಲ್ಲಾಡಿಸಿದೆ. ಇವರು ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡು, ಜನರೆಲ್ಲ ನೋಡುತ್ತಿರುವಾಗಲೇ, ಕಾದು ನಿಂತರು.

"ನಿಧಾನ," ಎಂದರು. "ಬರುತ್ತೆ. ಅವಸರ ಇಲ್ಲ."